ಖಾತೆ ನನ್ನದು, ಫೈಲು ಅವಳ ಹತ್ರ

ಸಂಪ್ ಮಂತ್ರಿ:

ಮದುವೆಯಾಗಿ ಹನ್ನೊಂದು ವರ್ಷ ಆಯಿತು. ಮನೆಕೆಲಸ ಮಾಡದ ಗಂಡ ಅಂತ ನನ್ನನ್ನು ಯಾರೂ ಬೈಯುವ ಹಾಗಿಲ್ಲ. ನಮ್ಮದು ಸಮ್ಮಿಶ್ರ ಸರ್ಕಾರ, ಖಾತೆ ಹಂಚಿಕೆ ಮೊದಲ ವರ್ಷದಲ್ಲೇ ಮುಗಿದಿದೆ. ಸಂಪಿನ ಮೋಟರ್, ಕಸ, ಸಿಲಿಂಡರ್, ಫ್ಯಾನ್ ಒರೆಸೋದು, ಅಟ್ಟದಿಂದ ಏನಾದರೂ ಇಳಿಸೋದು, ಆಮೇಲೆ ಹಾಲು ಉಕ್ಕದ ಹಾಗೆ ನೋಡಿಕೊಳ್ಳೋದು, ಇಷ್ಟು ನನ್ನವು. ಉಳಿದದ್ದೆಲ್ಲಾ ಮುಖ್ಯಮಂತ್ರಿಗಳೇ ಇಟ್ಟುಕೊಂಡಿದ್ದಾರೆ, ಹಣಕಾಸು ಸೇರಿ.

ಇಷ್ಟು ವರ್ಷ ಒಳ್ಳೆ ಗಂಡ ಅನ್ನೋ ಖುಷಿಯಲ್ಲೇ ಇದ್ದೆ. ಈ ವಾರ ಅವಳು ಮಗಳನ್ನು ಕರೆದುಕೊಂಡು ಹಾಸನಕ್ಕೆ, ತವರಿಗೆ ಹೋದಳು. ನಾಲ್ಕೇ ದಿನ. ಆ ನಾಲ್ಕು ದಿನದಲ್ಲಿ ಗೊತ್ತಾಗಿದ್ದು ಏನಂದರೆ, ಖಾತೆ ನನ್ನದೇ, ಫೈಲೆಲ್ಲಾ ಅವಳ ಹತ್ರ.

ಮೋಟರ್ ವಿಷಯವನ್ನೇ ತಗೊಳ್ಳಿ. ಬೆಂಗಳೂರಲ್ಲಿ ನಮ್ಮ ಏರಿಯಾಗೆ ಕಾವೇರಿ ನೀರು ದಿನ ಬಿಟ್ಟು ದಿನ. "ರೀ, ಮೋಟರ್ ಹಾಕಿ" ಅಂತಾಳೆ, ಹಾಕುತ್ತೇನೆ. ಸ್ವಲ್ಪ ಹೊತ್ತಾದ ಮೇಲೆ "ರೀ, ಮೋಟರ್" ಅಂತಾಳೆ, ಆರಿಸುತ್ತೇನೆ. ಹನ್ನೊಂದು ವರ್ಷ ನಾನು ಮಾಡಿದ್ದು ಬರೀ ಸ್ವಿಚ್ ಒತ್ತಿದ್ದು. ಟ್ಯಾಂಕ್ ತುಂಬಿತು ಅಂತ ಅಡುಗೆಮನೆಯಲ್ಲಿ ನಿಂತವಳಿಗೆ ಹೇಗೆ ಗೊತ್ತಾಗುತ್ತೆ ಅಂತ ಒಂದು ದಿನವೂ ಕೇಳಿರಲಿಲ್ಲ. ತುಂಬುವ ಮುಂಚೆ ಪೈಪಿನ ಸದ್ದು ಬದಲಾಗುತ್ತದಂತೆ! ಇದು ನನಗೆ ಗೊತ್ತಾಗಿದ್ದು ಮಂಗಳವಾರ, ಟ್ಯಾಂಕ್ ಮುಕ್ಕಾಲು ಗಂಟೆ ಉಕ್ಕಿ ಹರಿದು, ಕೆಳಗಡೆ ಮನೆ ಆಂಟಿ ಬಂದು ಬಾಗಿಲು ಬಡಿದ ಮೇಲೆ. ಅವರು ಹೆಚ್ಚೇನೂ ಬೈಯಲಿಲ್ಲ. "ಟಿ.ಕೆ. ಹಳ್ಳಿ ಪಂಪಿಂಗ್ ಸ್ಟೇಷನ್‌ನಿಂದ ನೂರು ಕಿಲೋಮೀಟರ್ ಪಂಪ್ ಮಾಡಿ ತಂದ ನೀರಪ್ಪಾ, ಚರಂಡಿಗೆ ಬಿಟ್ಟುಬಿಟ್ಟೆ" ಅಂದರು, ಅಷ್ಟೇ. 2024ರ ಬೇಸಿಗೆ ನೆನಪಿದೆ ತಾನೆ? ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತಲ್ಲ. ಆಗ ಕಾರು ತೊಳೀತಿದ್ದ ಪಕ್ಕದ ಮನೆಯವನಿಗೆ ಬುದ್ಧಿ ಹೇಳಿದ್ದು ಯಾರು? ಇದೇ ನಾನು.

ಇನ್ನು ಕಸ. ಹಸಿ ಕಸ ಹಸಿರು ಡಬ್ಬ, ಒಣ ಕಸ ಚೀಲ, ಡೈಪರ್ ಥರದ್ದು ಕೆಂಪು ಡಬ್ಬ. ಇಷ್ಟು ನನಗೂ ಗೊತ್ತು. ಬುಧವಾರ ಬೆಳಿಗ್ಗೆ ಆಟೋ ಹಾಡು ಕೇಳಿಸಿತು, ಓಡಿ ಹೋಗಿ ಕೊಟ್ಟೆ. ಆಟೋ ಜೊತೆ ಬರುವ ಆ ಅಕ್ಕ ಒಣ ಕಸದ ಚೀಲ ಬಿಚ್ಚಿ ನೋಡಿದರು, ನನ್ನ ಮುಖ ನೋಡಿದರು. "ಅಣ್ಣ, ಅಕ್ಕ ಊರಲ್ಲಿಲ್ವಾ?"

ಹೇಗೆ ಗೊತ್ತಾಯಿತು ಅಂತ ಕೇಳಿದೆ. ಹಾಲಿನ ಪ್ಯಾಕೆಟ್ ತೊಳೆಯದೇ ಹಾಕಿದ್ದೆ. ಅದರ ಮೇಲೆ ಅವತ್ತು ಒಣ ಕಸದ ದಿನವೇ ಅಲ್ಲ. ಚೀಲ ವಾಪಸ್ ಕೊಟ್ಟರು. ನಮ್ಮ ಮನೆಯಲ್ಲಿ ಯಾರು ಇದ್ದಾರೆ ಯಾರು ಇಲ್ಲ ಅನ್ನೋದು ನಮ್ಮ ಕಸದಿಂದಲೇ ಬೀದಿಗೆ ಗೊತ್ತಾಗುತ್ತದೆ, ನನಗೆ ಮಾತ್ರ ಗೊತ್ತಿರಲಿಲ್ಲ.

ಎಲ್ಲಕ್ಕಿಂತ ಮಜಾ ಅಂದರೆ ಬಟ್ಟೆ ಪ್ರಕರಣ. ಗುರುವಾರ ಸಾರು ಚೆಲ್ಲಿತು. ಒರೆಸೋಣ ಅಂತ ನೋಡಿದರೆ ಅಡುಗೆಮನೆಯಲ್ಲಿ ನಾಲ್ಕು ಬಟ್ಟೆ ನೇತಾಡುತ್ತಿವೆ. ನಾಲ್ಕೂ ನನ್ನದೇ ಹಳೇ ಲುಂಗಿ, ಅದೇ ನೀಲಿ ಚೌಕಳಿ. ಫೋನ್ ಮಾಡಿದೆ.

"ನೆಲ ಒರೆಸೋ ಬಟ್ಟೆ ಯಾವುದೇ?"

"ಅಂಚು ಹೊಲಿದಿರೋದು ಒಲೆ ಕಟ್ಟೆಗೆ. ಹೊಲಿದು ಮೂಲೆಗೆ ಗಂಟು ಹಾಕಿರೋದು ಕೈ ಒರೆಸೋಕೆ. ಏನೂ ಹೊಲಿಯದೇ ಇರೋದು ನೆಲಕ್ಕೆ."

"ನಾಲ್ಕನೇದು?"

"ಅದು ದೇವರ ಪಾತ್ರೆಗೆ ರೀ. ಮುಟ್ಟಿದ್ರಾ?"

ಫೋನ್ ಇಟ್ಟುಬಿಟ್ಟೆ. ಲುಂಗಿ ನನ್ನದು, ಐದು ವರ್ಷ ಉಟ್ಟಿದ್ದೀನಿ. ಅದರ ಕಾನೂನು ಮಾತ್ರ ನನಗೆ ಗೊತ್ತಿಲ್ಲ.

ನಿಮ್ಮ ಮನೆಗಳಲ್ಲಿ ಯಾವ ಖಾತೆ ಯಾರ ಹತ್ರ, ಫೈಲು ಯಾರ ಹತ್ರ? ನಿಜ ಹೇಳಿ. ಹೆಂಗಸರೂ ಬರೆಯಿರಿ. ಬೈದರೂ ಪರವಾಗಿಲ್ಲ, ಈಗ ಅಭ್ಯಾಸ ಆಗಿದೆ.

ದೋಸೆ ಹಂಚು:

ಗುರು, ನನ್ನದೂ ಹಾಲಿನ ಖಾತೆಯೇ. ಹನ್ನೆರಡು ನಿಮಿಷ ಕಣ್ಣು ಮಿಟುಕಿಸದೇ ನಿಂತಿರುತ್ತೇನೆ, ಏನೂ ಆಗಲ್ಲ. ಮೊಬೈಲ್ ಒಂದು ಸಲ ಟಿಂಗ್ ಅಂದರೆ ಸಾಕು, ಅಷ್ಟರಲ್ಲಿ ಒಲೆ ಆರಿ, ಕಟ್ಟೆ ಎಲ್ಲಾ ಬೆಳ್ಳಗೆ. ಸುಮ್ನೆ ಹೇಳ್ತಿಲ್ಲ, ಇದರ ಬಗ್ಗೆ ಓದಿದ್ದೀನಿ. ಬಿಸಿಯಾಗುವಾಗ ಮೇಲೆ ಕೆನೆ ಕಟ್ಟುತ್ತದಲ್ಲ, ಕೆಳಗಿನ ಹಬೆ ಅದರ ಅಡಿ ಸಿಕ್ಕಿಕೊಂಡು ಗುಳ್ಳೆ ಗುಳ್ಳೆಯಾಗಿ ಎಲ್ಲಾ ಒಟ್ಟಿಗೆ ಮೇಲೆ ಬರುತ್ತದೆ. ನೀರು ಹೀಗೆ ಉಕ್ಕಲ್ಲ, ಅದಕ್ಕೆ ಕೆನೆ ಇಲ್ಲ. ಪಾತ್ರೆ ಮೇಲೆ ಅಡ್ಡಡ್ಡ ಮರದ ಸೌಟು ಇಟ್ಟರೆ ಗುಳ್ಳೆ ಅಲ್ಲೇ ಒಡೆಯುತ್ತದೆ, ಸ್ವಲ್ಪ ಸಮಯ ಸಿಗುತ್ತದೆ. ಇದನ್ನೆಲ್ಲಾ ಮನೆಯವಳಿಗೆ ವಿವರಿಸಿದೆ. "ನಿಮ್ಮನ್ನು ಅಲ್ಲಿ ನಿಲ್ಲಿಸಿರೋದೇ ಸೌಟಿನ ಬದಲು" ಅಂದಳು.

ಹುಳಿಪುಡಿ ಅಕ್ಕ:

ಸಂಪ್ ಮಂತ್ರಿಗಳೇ, ನಗುವೂ ಬಂತು, ಸಿಟ್ಟೂ ಬಂತು. ಬೈಯಿರಿ ಅಂದಿದ್ದೀರಲ್ಲ, ತಗೊಳ್ಳಿ.

ಗಂಡಸರು ಆರಿಸಿಕೊಳ್ಳುವ ಖಾತೆಗಳನ್ನು ಒಂದು ಸಲ ನೋಡಿ. ಫ್ಯಾನ್, ಅಟ್ಟ, ಸಿಲಿಂಡರ್. ಎಲ್ಲಾ ತಿಂಗಳಿಗೋ ಹಬ್ಬಕ್ಕೋ ಒಂದು ಸಲ ಬರೋದು. ಮುಗಿದ ಮೇಲೆ "ಆಯ್ತು ನೋಡು" ಅಂತ ಸೊಂಟದ ಮೇಲೆ ಕೈಯಿಟ್ಟು ನಿಲ್ಲಬಹುದು. ಅದರಲ್ಲೂ ಫ್ಯಾನ್ ಒರೆಸೋದು! ನೀವು ಸ್ಟೂಲ್ ಹತ್ತುತ್ತೀರಿ. ಕೆಳಗೆ ಸ್ಟೂಲ್ ಹಿಡಿದು ನಿಲ್ಲೋದು ಯಾರು? ಒದ್ದೆ ಬಟ್ಟೆ ಮೇಲೆ ಕೊಟ್ಟು, ಕೊಳೆ ಬಟ್ಟೆ ಕೆಳಗೆ ಇಸಕೊಂಡು, ಜಾಲಾಡಿಸಿ ಮತ್ತೆ ಕೊಡೋದು ಯಾರು? ಕಣ್ಣಿಗೆ ಧೂಳು ಬೀಳಿಸಿಕೊಳ್ಳೋದು ಯಾರು? ಆಮೇಲೆ ಮಂಚದ ಮೇಲೆ ಬಿದ್ದ ಧೂಳು ಕೊಡವೋದು? ಇಬ್ಬರ ಕೆಲಸ, ಹೆಸರು ಮಾತ್ರ ಒಬ್ಬರಿಗೆ. ಮಿಕ್ಸಿ ಜಾರ್ ತಳದ ಬ್ಲೇಡ್ ಸಂದಿಯಲ್ಲಿ ಕಾಯಿ ಚಟ್ನಿ ಕೂತಿರುತ್ತದಲ್ಲ, ಅದನ್ನು ತೆಗೆಯುವ ಖಾತೆ ಯಾವ ಮಂತ್ರಿಗೂ ಬೇಡ.

ಇದು ನನ್ನ ಮನೆಯ ಮಾತಲ್ಲ, ಸರ್ಕಾರದ ಲೆಕ್ಕವೇ ಇದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ಸಮಯ ಬಳಕೆಯ ಸಮೀಕ್ಷೆ ಮಾಡಿತ್ತು. ಮನೆಕೆಲಸ ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. ಆ 97 ಕೂಡ ಎಲ್ಲಾ ಗಂಡಸರದ್ದಲ್ಲ, ಆ ದಿನ ಏನಾದರೂ ಮಾಡಿದವರದ್ದು ಮಾತ್ರ. ಹಾಗೆ ಮಾಡಿದವರು ನೂರಕ್ಕೆ ಇಪ್ಪತ್ತಾರೋ ಏನೋ. 2024ರಲ್ಲಿ ಮತ್ತೆ ಮಾಡಿದರು. ನಮ್ಮದು 289ಕ್ಕೆ ಇಳಿಯಿತು. ಹತ್ತು ನಿಮಿಷ ಉಳಿಯಿತಲ್ಲ ಅಂತ ಖುಷಿಪಡೋ ಹೊತ್ತಿಗೆ ನೋಡಿದರೆ ಗಂಡಸರದ್ದೂ 88ಕ್ಕೆ ಇಳಿದಿದೆ! ನಾವು ಒಂದು ಹೆಜ್ಜೆ ಹಿಂದೆ ಇಟ್ಟರೆ ನೀವೂ ಹಿಂದೆ ಹೋಗಬೇಕಾ?

ಸಂಪ್ ಮಂತ್ರಿ:

ಅಕ್ಕ, ಸ್ಟೂಲಿನ ಮಾತು ಓದಿ ಹೊಟ್ಟೆ ತೊಳಸಿದ ಹಾಗಾಯಿತು. ನಿಜಕ್ಕೂ ಪ್ರತಿ ಸಲ ಹಿಡಿದು ನಿಂತಿದ್ದಾಳೆ. ಆ ಒಂಬತ್ತು ನಿಮಿಷ ಎಲ್ಲಿ ಹೋಯಿತು ಅಂತ ಬೇರೆಯವರದ್ದು ಗೊತ್ತಿಲ್ಲ, ನನ್ನದು ಬಾತ್‌ರೂಮಿನಲ್ಲಿ ಮೊಬೈಲ್ ಹಿಡಿದುಕೊಂಡು ಹೋಯಿತು.

ವಠಾರದ ತಾತ:

ನನಗೆ ಎಪ್ಪತ್ತಾರು. ಮದುವೆಯಾದ ಹೊಸದರಲ್ಲಿ ಶ್ರೀರಾಮಪುರದ ವಠಾರದಲ್ಲಿ ಎರಡು ಕೋಣೆಯ ಮನೆ, ಎಂಟು ಸಂಸಾರಕ್ಕೆ ಒಂದೇ ನಲ್ಲಿ. ನೀರು ಬರೋದು ಬೆಳಗಿನ ಜಾವ ನಾಲ್ಕಕ್ಕೆ. ಬಿಂದಿಗೆ ಸಾಲಿನಲ್ಲಿ ನಿಂತ ಗಂಡಸು ನಾನೊಬ್ಬನೇ ಅಂತ ಎಲ್ಲಾ ನಗುತ್ತಿದ್ದರು. ಅದಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಒಂದು ವಿಷಯದಲ್ಲಿ ಮಾತ್ರ ಹೆದರಿದೆ. ಭಾನುವಾರ ಸಾಯಂಕಾಲ ದೋಸೆಗೆ ರುಬ್ಬಬೇಕು. ಒರಳು ಕಲ್ಲು, ಮಿಕ್ಸಿ ಗಿಕ್ಸಿ ಇಲ್ಲ. ಅವಳು ಬಸುರಿ. ನಾನು ಬಾಗಿಲು ಹಾಕಿಕೊಂಡು, ಚಿಲಕ ಹಾಕಿಕೊಂಡು ರುಬ್ಬುತ್ತಿದ್ದೆ. ಹೊರಗೆ ಯಾರಾದರೂ ಕರೆದರೆ ಅವಳು ಓಡಿ ಬಂದು ಕಲ್ಲಿನ ಮುಂದೆ ಕೂತುಕೊಳ್ಳೋಳು, ನಾನು ಪೇಪರ್ ಹಿಡಿದುಕೊಳ್ಳೋನು. ನನ್ನ ಕೈಯೆಲ್ಲಾ ಉದ್ದಿನ ಹಿಟ್ಟು! ಪೇಪರಿಗೂ ಹತ್ತಿರೋದು. ವಠಾರದಲ್ಲಿ ಎಲ್ಲರಿಗೂ ಗೊತ್ತಿತ್ತು ಅಂತ ಇಪ್ಪತ್ತು ವರ್ಷ ಆದ ಮೇಲೆ ಗೊತ್ತಾಯಿತು. ಗೋಡೆ ಆ ಕಡೆ ಮನೆಯವರಿಗೆ ರುಬ್ಬೋ ಸದ್ದಿನಲ್ಲೇ ವ್ಯತ್ಯಾಸ ತಿಳೀತಿತ್ತಂತೆ. ಅವಳದ್ದು ಒಂದೇ ಸಮ, ನನ್ನದು ನಿಂತು ನಿಂತು.

ಸಿಲಿಂಡರ್ ಖಾತೆಯವರಿಗೆ ಒಂದು ಮಾತು. ಎಷ್ಟು ಗ್ಯಾಸ್ ಉಳಿದಿದೆ ಅಂತ ಅಲ್ಲಾಡಿಸಿ ನೋಡಬೇಡಿ. ಒದ್ದೆ ಬಟ್ಟೆಯಿಂದ ಸಿಲಿಂಡರನ್ನು ಮೇಲಿಂದ ಕೆಳಗೆ ಒರೆಸಿ, ಸ್ವಲ್ಪ ಹೊತ್ತು ಬಿಡಿ. ಗ್ಯಾಸ್ ದ್ರವ ಇರುವಷ್ಟು ಭಾಗ ತಣ್ಣಗಿರುತ್ತದೆ, ಅಲ್ಲಿ ತೇವ ನಿಧಾನಕ್ಕೆ ಆರುತ್ತದೆ. ಖಾಲಿ ಭಾಗ ಬೇಗ ಆರುತ್ತದೆ. ಗೆರೆ ಕಾಣುತ್ತದೆ. ಯಾವ ಬಟ್ಟೆ ಅಂತ ನನ್ನನ್ನು ಕೇಳಬೇಡಿ.

ಹೊಸ ಜೋಡಿ:

ತಾತ, ನಿಮ್ಮದು ಓದಿ ಧೈರ್ಯ ಬಂತು. ನನಗೆ ಮದುವೆಯಾಗಿ ಮೂರು ತಿಂಗಳು. ಇಬ್ಬರಿಗೂ ಕೆಲಸ, ಅವಳದ್ದು ಮಾರತ್ತಹಳ್ಳಿ, ನನ್ನದು ಪೀಣ್ಯ. ಮನೆ ಮಧ್ಯದಲ್ಲಿ ಇರಲಿ ಅಂತ ಮಾಡಿದ್ದು, ಈಗ ಇಬ್ಬರಿಗೂ ದೂರ. ಅವಳು ಬರೋದು ಎಂಟೂವರೆ. ಭಾನುವಾರ ಅವಳು ಏಳೋದರೊಳಗೆ ಇಡ್ಲಿ ಮಾಡಿ ಆಶ್ಚರ್ಯ ಮಾಡೋಣ ಅಂತ ಇದ್ದೀನಿ. ಅಂಗಡಿ ಹಿಟ್ಟು ತರಬಾರದು ಅಂತ ಹಟ. ಅಮ್ಮನಿಗೆ ಫೋನ್ ಮಾಡಿದರೆ ಅಮ್ಮ ಅವಳಿಗೆ ಹೇಳಿಬಿಡುತ್ತಾರೆ. ಯಾರಾದರೂ ಅಳತೆ ಹೇಳಿ. "ಕಣ್ಣಳತೆ" ಅಂತ ಮಾತ್ರ ಹೇಳಬೇಡಿ.

ಹುಳಿಪುಡಿ ಅಕ್ಕ:

ಒಂದು ಲೋಟ ಉದ್ದಿನ ಬೇಳೆಗೆ ಎರಡು ಲೋಟ ಇಡ್ಲಿ ರವೆ. ಬೇಳೆ ನಾಲ್ಕು ಗಂಟೆ ನೆನೆಯಲಿ, ಜೊತೆಗೆ ಅರ್ಧ ಚಮಚ ಮೆಂತ್ಯ. ಬೇಳೆ ರುಬ್ಬುವಾಗ ನೀರು ಸ್ವಲ್ಪ ಸ್ವಲ್ಪವೇ ಹಾಕಿ, ಬೆಣ್ಣೆ ಥರ ಉಬ್ಬಬೇಕು. ಒಂದು ಚುಕ್ಕಿ ಹಿಟ್ಟು ನೀರಿಗೆ ಬಿಟ್ಟರೆ ತೇಲಬೇಕು. ರವೆಯನ್ನು ಬೇರೆ ನೆನೆಸಿ, ಹಿಂಡಿ, ಅದಕ್ಕೆ ಬೆರೆಸಿ. ಕೈಯಲ್ಲೇ ಕಲಸಿ, ಸೌಟಲ್ಲಿ ಬೇಡ. ಡಿಸೆಂಬರ್ ಚಳಿಗೆ ನಮ್ಮ ಬೆಂಗಳೂರಲ್ಲಿ ಎಂಟು ಗಂಟೆ ಸಾಲಲ್ಲ, ಹನ್ನೆರಡು ಹದಿನಾಲ್ಕು ಬೇಕಾಗುತ್ತೆ. ಎಲ್ಲಾದರೂ ಬೆಚ್ಚಗೆ ಇಡಿ. ಪಾತ್ರೆ ಅರ್ಧ ಮಾತ್ರ ತುಂಬಿಸಿ. ಅರ್ಧ ಅಂದರೆ ಅರ್ಧ.

ಟೈಮ್ ಇಲ್ಲ ಸ್ವಾಮಿ:

ಇದೆಲ್ಲಾ ಇಷ್ಟು ದೊಡ್ಡ ವಿಷಯನಾ? ಪಾತ್ರೆಗೆ, ನೆಲಕ್ಕೆ ಕೆಲಸದವರು ಇದ್ದಾರೆ. ಸಾಮಾನು ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುತ್ತೆ. ಬಟ್ಟೆಗೆ ಮಷೀನು. ಉಳಿದಿರೋದು ಏನು?

ಮೆಂತ್ಯ ಸೊಪ್ಪು:

ಉಳಿದಿರೋದು ಹೇಳಲಾ? ಕೆಲಸದವರು ಇವತ್ತು ಬರಲ್ಲ ಅಂತ ಬೆಳಿಗ್ಗೆ ಏಳಕ್ಕೆ ಮೆಸೇಜ್ ಬರೋದು ಯಾರ ಫೋನಿಗೆ? ಮಷೀನಿಗೆ ಬಟ್ಟೆ ಹಾಕೋ ಮುಂಚೆ ಜೇಬಲ್ಲಿರೋ ಪೇಪರ್ ಕರವಸ್ತ್ರ ತೆಗೆಯೋದು? ಬೋರ್‌ವೆಲ್ ನೀರಿನ ದಿನ ಬಿಳಿ ಅಂಗಿ ಹಾಕಬಾರದು ಅಂತ ನೆನಪಿಟ್ಟುಕೊಳ್ಳೋದು? ಹತ್ತು ನಿಮಿಷದಲ್ಲಿ ಬರುತ್ತೆ ನಿಜ, ಏನು ಬೇಕು ಅಂತ ಹೇಳೋರು ಬೇಕಲ್ಲ. ನಮ್ಮನೆಯವರಿಗೆ ಒಮ್ಮೆ ಮಲ್ಲೇಶ್ವರ ಎಂಟನೇ ಕ್ರಾಸಿಂದ ಸಬ್ಬಸಿಗೆ ಸೊಪ್ಪು ತನ್ನಿ ಅಂದೆ. ದಂಟು ತಂದರು. ವಾಪಸ್ ಕಳಿಸಿದೆ. ಪಾಲಕ್ ತಂದರು. ಮೂರನೇ ಸಲ ಸೊಪ್ಪಿನವರೇ ಕೇಳಿದರಂತೆ, "ಸರ್, ಏನು ಮಾಡ್ತಾರೆ ಮನೇಲಿ?" ಅಂತ. ಅಕ್ಕಿ ರೊಟ್ಟಿ ಅಂದರಂತೆ. ತಕ್ಷಣ ಸಬ್ಬಸಿಗೆ ಕಟ್ಟು ಕೊಟ್ಟು ಕಳಿಸಿದರು. ಆ ಅಜ್ಜಿ ಹತ್ರ ನಮ್ಮನೆ ಫೈಲ್ ಇದೆ, ಇವರ ಹತ್ರ ಇಲ್ಲ.

ಆದರೆ ನನ್ನ ತಪ್ಪೂ ಒಂದು ಹೇಳಿಬಿಡುತ್ತೇನೆ, ಇಲ್ಲಿ ಯಾರಿಗೂ ನಾನು ಯಾರು ಅಂತ ಗೊತ್ತಿಲ್ಲವಲ್ಲ. ಇವರು ರಾತ್ರಿ ಪಾತ್ರೆ ತೊಳೆಯುತ್ತಾರೆ. ಚೆನ್ನಾಗೇ ತೊಳೆಯುತ್ತಾರೆ. ಇವರು ಮಲಗಿದ ಮೇಲೆ ನಾನು ಎದ್ದು ಹೋಗಿ, ನಲ್ಲಿ ಸಣ್ಣಗೆ ಬಿಟ್ಟುಕೊಂಡು, ಎರಡು ಮೂರು ಪಾತ್ರೆ ಮತ್ತೆ ತೊಳೆಯುತ್ತೇನೆ. ಜಿಡ್ಡು ಇರುತ್ತೆ ಅಂತಲ್ಲ. ಹೋದ ತಿಂಗಳು ಒಂದು ಬಾಣಲೆಯಲ್ಲಿ ಎಷ್ಟು ಹುಡುಕಿದರೂ ಜಿಡ್ಡು ಸಿಗಲಿಲ್ಲ. ಆದರೂ ತೊಳೆದೆ.

ದೋಸೆ ಹಂಚು:

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಉಂಡಿದ್ದಕ್ಕೂ ಮಲಗೋದಕ್ಕೂ ಮಧ್ಯೆ ಪಾತ್ರೆ ಇರುತ್ತೆ ಅನ್ನೋದನ್ನು ಯಾರೂ ಹೇಳಲಿಲ್ಲ.

ಸಂಪ್ ಮಂತ್ರಿ:

ಮೆಂತ್ಯ ಸೊಪ್ಪು ಮೇಡಂ, ನೀವು ಹೇಳಿದ್ದು ಮೊನ್ನೆ ನಮ್ಮನೆಯಲ್ಲೂ ಬಂತು, ಬೇರೆ ಥರ.

ಶನಿವಾರ ಅವಳು ಹಾಸನದಿಂದ ಬಂದಳು. ಕೈಯಲ್ಲಿ ಐದು ಕೆ.ಜಿ. ಅವರೆಕಾಯಿ, ಒಳ್ಳೆ ಸೊಗಡಿನದ್ದು, ಚೀಲ ಬಿಚ್ಚಿದರೆ ಮನೆಯೆಲ್ಲಾ ವಾಸನೆ. ಭಾನುವಾರ ಹಿತಕಿದ ಬೇಳೆ ಸಾರು ಅಂತ ತೀರ್ಮಾನ ಆಯಿತು. ಯಾರು ಹಿತಕೋದು? ನಾನೇ ಅಂದೆ. ಗಂಡಸರು ತಿಂಗಳಿಗೊಂದು ಕೆಲಸ ಆರಿಸಿಕೊಳ್ಳುತ್ತಾರೆ ಅಂತ ಹುಳಿಪುಡಿ ಅಕ್ಕ ಚುಚ್ಚಿದ್ದು ಇನ್ನೂ ಉರೀತಿತ್ತು.

ಸಂಜೆ ಕಾಯಿ ಬಿಡಿಸಿದೆವು, ರಾತ್ರಿ ಕಾಳು ನೆನೆಸಿದಳು. ಬೆಳಿಗ್ಗೆ ದೊಡ್ಡ ಬೋಗುಣಿ ಮುಂದೆ ಕೂತೆ. ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತಬೇಕು. ಸಿಪ್ಪೆ ಬೆರಳಲ್ಲಿ ಉಳಿಯುತ್ತೆ, ಬೇಳೆ ಪುಳಕ್ ಅಂತ ಹಾರುತ್ತೆ. ನನ್ನ ಮೊದಲನೇದು ಟಿವಿಗೆ ಬಡಿಯಿತು, ಎರಡನೇದು ಮಗಳ ಹಣೆಗೆ. ಅವಳು ಹೀಗೇ ಆಡಿ ಅಪ್ಪ ಅಂತ ಪಕ್ಕದಲ್ಲೇ ಕೂತುಬಿಟ್ಟಳು. ಮೊದಲ ಅರ್ಧ ಗಂಟೆ ಮಜಾ. ಒಂದು ಗಂಟೆ ಆದಾಗ ಬೋಗುಣಿ ನೋಡಿದರೆ ಕಾಳು ಕಡಿಮೆಯೇ ಆಗಿಲ್ಲ. ಎರಡನೇ ಗಂಟೆಗೆ ಬೆರಳ ತುದಿ ಎಲ್ಲಾ ಸುಕ್ಕು, ಉಗುರು ಕಪ್ಪು, ಬೆನ್ನು ಬಿದ್ದುಹೋಗಿತ್ತು. ಸಾರಾದ ಮೇಲೆ ಹತ್ತು ನಿಮಿಷದಲ್ಲಿ ಪಾತ್ರೆ ಖಾಲಿ. ಇದನ್ನು ಪ್ರತಿ ವರ್ಷ ಮಾಡಿಕೊಡುತ್ತಿದ್ದವಳಿಗೆ "ಹೋದ ಸಲದಷ್ಟು ಗಟ್ಟಿ ಇಲ್ಲ" ಅಂತ ಹೇಳಿದ್ದು ನೆನಪಾಯಿತು. ಹೇಳಿದ್ದು ನಾನೇ.

ಊಟ ಆದ ಮೇಲೆ ಕೇಳಿದೆ, "ಸಂಪಿನ ಫೈಲ್ ನನಗೆ ಕೊಟ್ಟುಬಿಡು, ನೀನು ಹೇಳಲೇಬೇಡ." ಆಯ್ತು ಅಂದಳು. ಸೋಮವಾರ ಮೋಟರ್ ಹಾಕಿ ಬಾಲ್ಕನಿಯಲ್ಲಿ ಪೈಪಿಗೆ ಕಿವಿ ಕೊಟ್ಟು ನಿಂತೆ. ಮೊದಲು ಗುಳುಗುಳು ಅಂತ ಜೋರು ಇರುತ್ತದೆ. ಸ್ವಲ್ಪ ಹೊತ್ತಿಗೆ ಸದ್ದು ಸಣ್ಣಗಾಯಿತು ಅನಿಸಿತು, ಆರಿಸಿದೆ. ಮಹಡಿಗೆ ಹೋಗಿ ನೋಡಿದರೆ ಅರ್ಧ ಟ್ಯಾಂಕ್. ಮತ್ತೆ ಹಾಕಿದೆ. ಹೀಗೆ ಮೂರು ಸಲ. ಅವಳು ಸೋಫಾದಲ್ಲಿ ಕೂತು ಬಟ್ಟೆ ಮಡಚುತ್ತಿದ್ದಳು. ಒಂದು ಮಾತೂ ಆಡಲಿಲ್ಲ. ಆದರೆ ನನ್ನದೇ ಒಂದು ಅಂಗಿಯನ್ನು ಮಡಚಿ, ಬಿಚ್ಚಿ, ಮಡಚಿ, ಬಿಚ್ಚಿ ಮಾಡುತ್ತಿದ್ದಳು. ನಾಲ್ಕನೇ ಸಲ ಸರಿಯಾಗಿ ಆರಿಸಿದಾಗ ಅವಳು ಉಸಿರು ಬಿಟ್ಟ ಸದ್ದು ಬಾಲ್ಕನಿಗೇ ಕೇಳಿಸಿತು.

ವಠಾರದ ತಾತ:

ಬಾಯಿ ಮುಚ್ಚಿಕೊಂಡು ಕೂರೋದು ರುಬ್ಬೋದಕ್ಕಿಂತ ಕಷ್ಟದ ಕೆಲಸ ಕಣಪ್ಪ. ಆ ಅಂಗಿ ಇಸ್ತ್ರಿಗೆ ಕೊಡು.

ಟೈಮ್ ಇಲ್ಲ ಸ್ವಾಮಿ:

ಮೇಲಿನದನ್ನೆಲ್ಲಾ ಓದಿ ಮನೆಯವಳಿಗೆ ತೋರಿಸಿದೆ, ತಪ್ಪು ಮಾಡಿದೆ. ಈಗ ನನ್ನ ಫೋನಿಗೂ ಬೆಳಿಗ್ಗೆ ಏಳಕ್ಕೆ ಮೆಸೇಜ್ ಬರುತ್ತೆ. ಕೆಲಸದವರಿಗೆ ನನ್ನ ನಂಬರ್ ಕೊಟ್ಟುಬಿಟ್ಟಿದ್ದಾಳೆ.

ಹೊಸ ಜೋಡಿ:

ಅರ್ಜೆಂಟ್. ಭಾನುವಾರ ಬೆಳಿಗ್ಗೆ ಆರೂಕಾಲು. ನಿನ್ನೆ ಅಕ್ಕ ಹೇಳಿದ ಹಾಗೇ ಎಲ್ಲಾ ಮಾಡಿದೆ, ಚುಕ್ಕಿ ನೀರಲ್ಲಿ ತೇಲಿತು ಕೂಡ. ಪಾತ್ರೆ ಅರ್ಧ ಅಂದಿದ್ದಿರಿ, ಮನೆಯಲ್ಲಿ ದೊಡ್ಡ ಪಾತ್ರೆ ಇರಲಿಲ್ಲ, ಮುಕ್ಕಾಲು ಆಯಿತು. ಸರಿ, ಪೂರ್ತಿ ಆಯಿತು. ಚಳಿ ಅಂತ ಬಿಸಿನೀರಿನ ಬೇಸಿನ್ ಒಳಗಿಟ್ಟು ಮೇಲೆ ರಗ್ಗು ಹೊದಿಸಿದ್ದೆ. ಈಗ ಎದ್ದು ನೋಡಿದರೆ ಹಿಟ್ಟು ಮುಚ್ಚಳ ಎತ್ತಿಕೊಂಡು ಹೊರಗೆ ಬಂದಿದೆ. ರಗ್ಗಿಗೆ, ಕಟ್ಟೆಗೆ, ಅಲ್ಲಿಂದ ನೆಲಕ್ಕೆ ಇಳೀತಾ ಇದೆ. ರಗ್ಗು ಅವಳ ಅಜ್ಜಿ ಕೊಟ್ಟಿದ್ದು. ಅವಳು ಇನ್ನೂ ಮಲಗಿದ್ದಾಳೆ. ಅಡುಗೆಮನೆಯಲ್ಲಿ ಮೂರು ಬಟ್ಟೆ ನೇತಾಡುತ್ತಿವೆ, ಮೂರೂ ಒಂದೇ ಥರ. ಯಾವುದರಲ್ಲಿ ಒರೆಸಲಿ?

ಸಂಪ್ ಮಂತ್ರಿ:

ಅಂಚು ನೋಡು ಮಗಾ. ಹೊಲಿದಿದೆಯಾ?

ಹೊಸ ಜೋಡಿ:

ಮೂರೂ ಹೊಲಿದಿದೆ.

ಸಂಪ್ ಮಂತ್ರಿ:

ನಿನ್ನ ಬನಿಯನ್ ಬಿಚ್ಚು.